ರಣಭೂಮಿಯ ಎಲ್ಲೆ ಯಾವುದು?

ದಾನ ಕೊಡುವವರು ಸಿದ್ಧರಿದ್ದರು. ಪಡೆಯುವವರಿಗೂ ಮನಸ್ಸಿತ್ತು. ಆದರೂ 45 ಎಕರೆ ಜಮೀನು ಐದು ವರ್ಷ ಕೈ ಬದಲಾಗದೆ ಉಳಿಯಿತು. ಇದು ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಎಂಬ ಪುಟ್ಟ ಊರಿನ ಅಂಚಿನಲ್ಲಿ. ಊರಿನ ದಕ್ಷಿಣಕ್ಕೆ, ಬಿಗ್ ರೌಂಡ್ ಟಾಪ್ ಎಂಬ ಗುಡ್ಡದ ಬುಡದಲ್ಲಿ ಹರಿಯುವ ಪ್ಲಮ್ ರನ್ ಹಳ್ಳದ ಬದಿಯ ಆ ನೆಲವನ್ನು ಅದರ ಒಡೆಯರು 2009ರಲ್ಲಿ ರಣಭೂಮಿ ಉದ್ಯಾನಕ್ಕೆ ನೆರವಾಗುವ ಪ್ರತಿಷ್ಠಾನವೊಂದಕ್ಕೆ ಉಚಿತವಾಗಿ ಬಿಟ್ಟುಕೊಟ್ಟರು. ಅಲ್ಲಿಂದ ಅದು ರಾಷ್ಟ್ರೀಯ ಉದ್ಯಾನಕ್ಕೆ ಸೇರಬೇಕಿತ್ತು. ಆದರೆ ಕಾನೂನು ಅಡ್ಡ ಬಂತು. ಉದ್ಯಾನದ ಗಡಿಯ ಆಚೆಗಿನ ಜಮೀನನ್ನು ದಾನವಾಗಿ ಸ್ವೀಕರಿಸಲೂ ಉದ್ಯಾನಕ್ಕೆ ಅಧಿಕಾರವಿರಲಿಲ್ಲ. ಗಡಿ ಬದಲಾಗಬೇಕಾದರೆ ಅಮೆರಿಕದ ಸಂಸತ್ತು ಕಾನೂನು ಮಾಡಬೇಕು.

ಇದೇ ಗಡಿಯ ಹೊರಗೆ ಊರಿನ ನಡುವೆ ಇನ್ನೊಂದು ಹಳೆಯ ಕಟ್ಟಡವೂ ಕಾಯುತ್ತಿತ್ತು. ಅದು ಅಬ್ರಹಾಂ ಲಿಂಕನ್ ಬಂದಿಳಿದ ರೈಲು ನಿಲ್ದಾಣ. ಒಂದು ಕಡೆ ಹಳ್ಳದ ಬದಿಯ ಜೌಗು ನೆಲ, ಇನ್ನೊಂದು ಕಡೆ ಹಳೆಯ ನಿಲ್ದಾಣ. ಮೇಲ್ನೋಟಕ್ಕೆ ಇವೆರಡಕ್ಕೂ ಯುದ್ಧಕ್ಕೂ ದೊಡ್ಡ ನಂಟಿಲ್ಲ ಎನಿಸಬಹುದು. ಆದರೆ ರಣಭೂಮಿ ಎಂದರೆ ಏನು, ಅದರ ಎಲ್ಲೆಯನ್ನು ಎಲ್ಲಿಗೆ ಎಳೆಯಬೇಕು ಎಂಬ ಒಂದೂವರೆ ಶತಮಾನದ ವಾದವೇ ಈ ಎರಡು ಜಾಗಗಳ ಹಿಂದಿದೆ.

ಮೂರು ದಿನದ ಕದನ

ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಇಬ್ಭಾಗವಾಗಿ, ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದಾಗ 1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಎರಡು ವರ್ಷಗಳ ಬಳಿಕ ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ ತನ್ನ ಸೈನ್ಯವನ್ನು ಉತ್ತರದ ನೆಲಕ್ಕೇ ನುಗ್ಗಿಸಿದ. ಅವನನ್ನು ತಡೆಯಲು ಜಾರ್ಜ್ ಮೀಡ್‌ನ ಒಕ್ಕೂಟ ಸೈನ್ಯ ಧಾವಿಸಿತು. ಹತ್ತು ದಾರಿಗಳು ಕೂಡುವ ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈ 1ರಂದು ಎರಡೂ ಸೈನ್ಯಗಳು ಮುಖಾಮುಖಿಯಾದವು.

ಆಗ ಊರಿನ ಜನಸಂಖ್ಯೆ ಸುಮಾರು 2,400. ಅಲ್ಲಿ ಸೇರಿದ ಸೈನಿಕರು ಒಂದೂವರೆ ಲಕ್ಷಕ್ಕೂ ಹೆಚ್ಚು. ಮೂರು ದಿನಗಳಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಸೇರಿ ಸುಮಾರು 51 ಸಾವಿರ. ಕೊನೆಯ ದಿನ ದಕ್ಷಿಣದ 12 ಸಾವಿರಕ್ಕೂ ಹೆಚ್ಚು ಸೈನಿಕರು ಬಯಲನ್ನು ದಾಟಿ ಎದುರಿನ ದಿಬ್ಬದ ಮೇಲೆ ಏರಿ ಹೋದರು. ಮರೆ ಎಂಬುದೇ ಇಲ್ಲದ ಹೊಲಗಳಲ್ಲಿ ಅವರನ್ನು ಫಿರಂಗಿ, ಬಂದೂಕುಗಳು ಉರುಳಿಸಿದವು. ಲೀ ಹಿಮ್ಮೆಟ್ಟಿದ. ಯುದ್ಧ ಮುಗಿಯಲು ಇನ್ನೂ ಸುಮಾರು ಎರಡು ವರ್ಷ ಹಿಡಿಯಿತು. ಆದರೆ ಉತ್ತರದ ಮೇಲೆ ಅಷ್ಟು ದೊಡ್ಡ ದಾಳಿ ಮಾಡುವ ಶಕ್ತಿ ಲೀಯ ಸೈನ್ಯಕ್ಕೆ ಮತ್ತೆ ಬರಲಿಲ್ಲ.

ಈ ಕದನವನ್ನು ತಿಳಿಯಬೇಕಾದರೆ ಆ ಬಯಲನ್ನು ನೋಡಬೇಕು ಎನ್ನುತ್ತಾರೆ ಇತಿಹಾಸಕಾರರು. ದಿಬ್ಬ ಎಷ್ಟು ಎತ್ತರ, ಬೇಲಿ ಎಲ್ಲಿತ್ತು, ಯಾವ ತೋಪಿನಿಂದ ಯಾವ ಗುಡ್ಡ ಕಾಣುತ್ತಿತ್ತು ಎಂಬುದರ ಮೇಲೆ ಸಾವಿರಾರು ಜೀವಗಳ ಅಳಿವು ಉಳಿವು ನಿಂತಿತ್ತು. ಕಾಗದದ ದಾಖಲೆ ಎಷ್ಟು ಮುಖ್ಯವೋ ನೆಲವೂ ಅಷ್ಟೇ ಮುಖ್ಯವಾದ ದಾಖಲೆ. ವ್ಯತ್ಯಾಸವೆಂದರೆ, ನೆಲದ ಮೇಲೆ ಜನ ಮನೆ ಕಟ್ಟುತ್ತಾರೆ, ಅಂಗಡಿ ತೆರೆಯುತ್ತಾರೆ.

ಟ್ರಾಮ್ ಹಳಿಯ ಮೊಕದ್ದಮೆ

ಕದನ ಮುಗಿದ ಮರುವರ್ಷವೇ, 1864ರಲ್ಲಿ, ಊರಿನ ಗಣ್ಯರು ಸೇರಿ ರಣಭೂಮಿ ಸ್ಮಾರಕ ಸಂಘವೊಂದನ್ನು ಕಟ್ಟಿದರು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಯುದ್ಧದ ನೆಲವನ್ನು ಉಳಿಸಲು ಹೊರಟಿದ್ದು ಅಪರೂಪದ ಸಂಗತಿ. ಆದರೆ ಸಂಘ ಕೊಂಡದ್ದು ಬಹುಮಟ್ಟಿಗೆ ಗೆದ್ದವರ ಸಾಲು ನಿಂತಿದ್ದ ನೆಲವನ್ನು. ಸೋತವರು ನಿಂತಿದ್ದ ಕಡೆ ಅದರ ಗಮನ ಹೆಚ್ಚು ಹರಿಯಲಿಲ್ಲ. ರಣಭೂಮಿಯ ಮೊದಲ ಎಲ್ಲೆ ಹೀಗೆ ಅರ್ಧ ರಣಭೂಮಿಯದಾಗಿತ್ತು.

ಸುಮಾರು 30 ವರ್ಷಗಳ ಬಳಿಕ ಹೊಸ ಗಂಡಾಂತರ ಬಂತು. 1893ರಲ್ಲಿ ಖಾಸಗಿ ಕಂಪನಿಯೊಂದು ಪ್ರವಾಸಿಗರಿಗಾಗಿ ವಿದ್ಯುತ್ ಟ್ರಾಮ್ ಹಳಿ ಹಾಕಲು ಮುಂದಾಯಿತು. ಘೋರ ಕಾಳಗ ನಡೆದ ಡೆವಿಲ್ಸ್ ಡೆನ್ ಎಂಬ ಬಂಡೆಗಳ ನಡುವೆಯೇ ಹಳಿ ಹೋಗಬೇಕಿತ್ತು. ಮಾಜಿ ಸೈನಿಕರು ಕೆರಳಿದರು. ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ಕಂಪನಿ ನ್ಯಾಯಾಲಯದಲ್ಲಿ ಎದುರು ನಿಂತಿತು. ಕೋಟೆ, ಅಂಚೆ ಕಚೇರಿ, ರಸ್ತೆಗಳಿಗೆ ಜಮೀನು ಬೇಕೆಂದರೆ ಸರಿ, ಬರೀ ನೆನಪಿಗಾಗಿ ಒಬ್ಬನ ಆಸ್ತಿಯನ್ನು ಕಿತ್ತುಕೊಳ್ಳಬಹುದೇ ಎಂಬುದು ಅಲ್ಲಿ ಎದ್ದ ಪ್ರಶ್ನೆ.

1896ರ ಜನವರಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಸರ್ಕಾರದ ಪರವಾಗಿ ತೀರ್ಪು ನೀಡಿತು. ನ್ಯಾಯಮೂರ್ತಿ ರುಫಸ್ ಪೆಕ್‌ಹ್ಯಾಮ್ ಬರೆದ ಆ ತೀರ್ಪಿನ ತಿರುಳು ಇಷ್ಟು: ದೇಶ ಉಳಿಯಲು ಜೀವ ತೆತ್ತವರ ನೆಲವನ್ನು ಕಾಪಾಡುವುದೂ ಸಾರ್ವಜನಿಕ ಉದ್ದೇಶವೇ, ಸೂಕ್ತ ಪರಿಹಾರ ಕೊಟ್ಟು ಅದನ್ನು ಪಡೆಯಬಹುದು. ಅಮೆರಿಕದಲ್ಲಿ ಐತಿಹಾಸಿಕ ಸ್ಥಳಗಳ ರಕ್ಷಣೆಗೆ ಕಾನೂನಿನ ಬುನಾದಿ ಹಾಕಿದ ತೀರ್ಪು ಇದು.

ಅದಕ್ಕೂ ಒಂದು ವರ್ಷ ಮೊದಲು, 1895ರ ಫೆಬ್ರವರಿಯಲ್ಲಿ, ಗೆಟಿಸ್‌ಬರ್ಗ್ ರಾಷ್ಟ್ರೀಯ ಸೈನಿಕ ಉದ್ಯಾನವನ್ನು ಸ್ಥಾಪಿಸುವ ಕಾನೂನು ಬಂದಿತ್ತು. ಮಸೂದೆಯನ್ನು ಮಂಡಿಸಿದವನು ಡೇನಿಯಲ್ ಸಿಕಲ್ಸ್. ಇದೇ ಕದನದಲ್ಲಿ ಕಾಲು ಕಳೆದುಕೊಂಡ ಸೇನಾನಿ, ಆಮೇಲೆ ಸಂಸತ್ ಸದಸ್ಯ. ಇಷ್ಟರವರೆಗೆ ನೆಲ ಉದ್ಯಾನಕ್ಕೆ ಸೇರಬಹುದು ಎಂದು ತೋರಿಸಲು ಕಾನೂನಿನೊಂದಿಗೆ ಒಂದು ನಕ್ಷೆಯೂ ಇತ್ತು. ಇಂದಿಗೂ ಅದನ್ನು ಸಿಕಲ್ಸ್ ನಕ್ಷೆ ಎಂದೇ ಕರೆಯುತ್ತಾರೆ. ಈ ಬಾರಿ ಎರಡೂ ಸೈನ್ಯಗಳ ಸಾಲುಗಳಿಗೆ ಗುರುತು ಹಾಕುವ ಕೆಲಸ ಆರಂಭವಾಯಿತು. ಇಂದು ಅಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳಿವೆ. 1933ರಲ್ಲಿ ಉದ್ಯಾನದ ಹೊಣೆ ಯುದ್ಧ ಇಲಾಖೆಯಿಂದ ರಾಷ್ಟ್ರೀಯ ಉದ್ಯಾನ ಸೇವೆಗೆ ಬಂತು.

ಬೇಲಿಯ ಆಚೆಗೆ ಎದ್ದ ಗೋಪುರ

ಮೋಟಾರು ಕಾರು ಬಂದ ಮೇಲೆ ಪ್ರವಾಸಿಗರು ಹೆಚ್ಚಿದರು. ಅವರ ಹಿಂದೆ ಮೋಟೆಲ್, ಹೋಟೆಲ್, ಅಂಗಡಿಗಳೂ ಬಂದವು. ಕೊನೆಯ ದಿನದ ದಾಳಿ ನಡೆದ ಹೊಲದಲ್ಲೇ ಮೋಟೆಲ್ ಒಂದು ತಲೆಯೆತ್ತಿತು. 1974ರಲ್ಲಿ ರಾಷ್ಟ್ರೀಯ ಸಮಾಧಿಭೂಮಿಯ ಹತ್ತಿರ ಖಾಸಗಿ ಜಮೀನಿನಲ್ಲಿ 300 ಅಡಿಗೂ ಎತ್ತರದ ವೀಕ್ಷಣಾ ಗೋಪುರ ಎದ್ದು ನಿಂತಿತು. ಅದನ್ನು ತಡೆಯಲು ಪೆನ್ಸಿಲ್ವೇನಿಯಾ ಸರ್ಕಾರ ಹೂಡಿದ ಮೊಕದ್ದಮೆ ಸೋತಿತ್ತು. ಬಯಲಿನಲ್ಲಿ ಎಲ್ಲಿ ನಿಂತರೂ ಆ ಉಕ್ಕಿನ ಗೋಪುರವೇ ಮೊದಲು ಕಣ್ಣಿಗೆ ಬೀಳುತ್ತಿತ್ತು.

ರಣಭೂಮಿಯನ್ನು ಕೆಡಿಸಲು ಅದರೊಳಗೆ ಕಾಲಿಡಬೇಕೆಂದೇನೂ ಇಲ್ಲ, ಬೇಲಿಯ ಆಚೆಗೆ ನಿಂತರೂ ಸಾಕು. ಈ ಪಾಠವನ್ನು ಕಲಿಸಿದ್ದು ಆ ಗೋಪುರ. ಮುಂದೆ ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಂಡು 2000ನೇ ಇಸವಿಯ ಜುಲೈ 3ರಂದು, ಕದನದ ಕೊನೆಯ ದಿನದ ವಾರ್ಷಿಕದಂದೇ, ಸ್ಫೋಟಕ ಇಟ್ಟು ಉರುಳಿಸಿತು. ಹೊಲದಲ್ಲಿದ್ದ ಮೋಟೆಲ್ 2003ರಲ್ಲಿ ನೆಲಸಮವಾಯಿತು.

ಇಂಥ ಅನುಭವಗಳ ಹಿನ್ನೆಲೆಯಲ್ಲಿ ಸಂಸತ್ತು 1987ರಲ್ಲಿ ಗಡಿಯ ಬಗ್ಗೆ ಅಧ್ಯಯನಕ್ಕೆ ಆದೇಶಿಸಿತು. 1990ರ ಆಗಸ್ಟ್‌ನಲ್ಲಿ ಬಂದ ಕಾನೂನು ಉದ್ಯಾನದ ಗಡಿಗೆ ಸುಮಾರು 1,900 ಎಕರೆ ಸೇರಿಸಿತು. ಅದರೊಂದಿಗೆ ಉದ್ಯಾನದ ವ್ಯಾಪ್ತಿ ಹತ್ತಿರ ಹತ್ತಿರ 6 ಸಾವಿರ ಎಕರೆಗೆ ಏರಿತು. ವಿಪರ್ಯಾಸವೆಂದರೆ, ಅದೇ ಸಮಯದಲ್ಲಿ ಊರಿನ ಕಾಲೇಜಿನೊಂದಿಗೆ ನಡೆದ ಭೂವಿನಿಮಯದಲ್ಲಿ ಉದ್ಯಾನ ಸುಮಾರು ಏಳೂವರೆ ಎಕರೆಯನ್ನು ಬಿಟ್ಟುಕೊಟ್ಟಿತು. ರೈಲು ಹಳಿಯನ್ನು ಬೇರೆಡೆಗೆ ಸರಿಸಲು ಮೊದಲ ದಿನದ ಕಾಳಗ ನಡೆದ ದಿಬ್ಬವನ್ನೇ ಅಲ್ಲಿ ಕಡಿದರು. ವಿಷಯ ದೊಡ್ಡದಾಗಿ ಸಂಸತ್ತಿನ ವಿಚಾರಣೆಯವರೆಗೂ ಹೋಯಿತು. ಆದರೆ ಕಡಿದ ದಿಬ್ಬ ಮತ್ತೆ ಬರುವುದುಂಟೇ?

ಗಡಿ ಎಂದರೆ ಒಡೆತನವಲ್ಲ

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಇರುವುದೆಲ್ಲ ಸರ್ಕಾರದ್ದೇ ಆಗಿರುವುದಿಲ್ಲ. ಗಡಿಯೊಳಗೆ ಖಾಸಗಿ ಮನೆಗಳಿರುತ್ತವೆ, ಹೊಲಗಳಿರುತ್ತವೆ. ಗಡಿ ಎಂದರೆ ಸರ್ಕಾರ ಎಷ್ಟು ದೂರದವರೆಗೆ ಜಮೀನು ಪಡೆಯಬಹುದು ಎಂಬುದರ ಗೆರೆ. ಪಡೆಯುವ ದಾರಿಗಳೂ ಹಲವು. ದಾನ ಒಂದು, ಒಪ್ಪಿದವರಿಂದ ಖರೀದಿ ಇನ್ನೊಂದು, ಪರಿಹಾರ ಕೊಟ್ಟು ಸ್ವಾಧೀನ ಮತ್ತೊಂದು. ಇವುಗಳ ನಡುವೆ ಒಂದು ಮಧ್ಯಮ ಮಾರ್ಗವೂ ಇದೆ. ಜಮೀನು ರೈತನ ಹೆಸರಲ್ಲೇ ಉಳಿಯುತ್ತದೆ. ಉಳುಮೆ, ಬೆಳೆ ಅವನದೇ. ಆದರೆ ಅಲ್ಲಿ ಬಡಾವಣೆ ಅಥವಾ ಅಂಗಡಿ ಕಟ್ಟುವ ಹಕ್ಕನ್ನು ಅವನು ಹಣಕ್ಕೆ ಬಿಟ್ಟುಕೊಡುತ್ತಾನೆ. ಈ ಕರಾರು ಮುಂದಿನ ಒಡೆಯರಿಗೂ ಅನ್ವಯಿಸುತ್ತದೆ. ಇತಿಹಾಸ ಉಳಿಯುತ್ತದೆ, ರೈತನೂ ಉಳಿಯುತ್ತಾನೆ.

ವಿರೋಧಿಸುವವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಗೆಟಿಸ್‌ಬರ್ಗ್‌ನಂಥ ಸಣ್ಣ ಊರಿಗೆ ಶಾಲೆ, ರಸ್ತೆ ನಡೆಸಲು ಆಸ್ತಿ ತೆರಿಗೆಯೇ ಆಧಾರ. ಜಮೀನು ಕೇಂದ್ರ ಸರ್ಕಾರದ್ದಾದರೆ ಆ ತೆರಿಗೆ ನಿಲ್ಲುತ್ತದೆ. ಅದಕ್ಕೆ ಬದಲಾಗಿ ಕೇಂದ್ರದಿಂದ ಒಂದಿಷ್ಟು ಹಣ ಬರುವ ವ್ಯವಸ್ಥೆ ಇದೆಯಾದರೂ ಅದು ಪೂರ್ತಿ ಸರಿತೂಗುವುದಿಲ್ಲ ಎಂಬ ಅಸಮಾಧಾನ ಇಂಥ ಊರುಗಳಲ್ಲಿ ಇದ್ದೇ ಇದೆ. ಊರಿನ ಸಮೀಪ ಕ್ಯಾಸಿನೊ ತೆರೆಯುವ ಪ್ರಸ್ತಾಪ ಎರಡು ಬಾರಿ ಬಂದಾಗ ಉದ್ಯೋಗ ಸಿಗುತ್ತದೆಂದು ಬೆಂಬಲಿಸಿದ ಸ್ಥಳೀಯರೂ ಇದ್ದರು. ರಾಜ್ಯದ ಜೂಜು ನಿಯಂತ್ರಣ ಮಂಡಳಿ 2006ರಲ್ಲೂ 2011ರಲ್ಲೂ ಅನುಮತಿ ಕೊಡಲಿಲ್ಲ. ಸತ್ತವರ ನೆನಪಿಗಾಗಿ ಬದುಕಿರುವವರು ಎಷ್ಟು ಬಿಟ್ಟುಕೊಡಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ.

ಆದರೆ ತಡ ಮಾಡಿದರೆ ಬೆಲೆ ಏರುತ್ತದೆ. ಇದಕ್ಕೆ ಉದಾಹರಣೆ ವರ್ಜೀನಿಯಾ ರಾಜ್ಯದ ಮನಾಸಸ್. ಅಂತರ್ಯುದ್ಧದ ಎರಡು ಕದನಗಳು ನಡೆದ ಆ ರಣಭೂಮಿಯ ಪಕ್ಕದಲ್ಲಿ 1988ರಲ್ಲಿ ದೊಡ್ಡ ಮಾರಾಟ ಮಳಿಗೆಗಳ ಸಂಕೀರ್ಣ ಕಟ್ಟುವ ಕೆಲಸ ಶುರುವಾಗಿತ್ತು. ದೇಶದಾದ್ಯಂತ ಕೂಗೆದ್ದಾಗ ಸಂಸತ್ತು ಅದೇ ವರ್ಷ ಕಾನೂನು ಮಾಡಿ 500ಕ್ಕೂ ಹೆಚ್ಚು ಎಕರೆಯನ್ನು ನೇರವಾಗಿ ವಶಕ್ಕೆ ಪಡೆಯಿತು. ಅದಕ್ಕೆ ತೆತ್ತ ಪರಿಹಾರ 10 ಕೋಟಿ ಡಾಲರಿಗೂ ಹೆಚ್ಚು. ಬುಲ್ಡೋಜರ್ ಬಂದ ಮೇಲೆ ಗಡಿ ಹಿಗ್ಗಿಸಿದರೆ ಬೊಕ್ಕಸಕ್ಕೆ ಎಂಥ ಹೊರೆ ಬೀಳುತ್ತದೆ ಎಂಬುದನ್ನು ಅಮೆರಿಕನ್ನರು ಅಲ್ಲಿ ಕಂಡುಕೊಂಡರು. ಗೆಟಿಸ್‌ಬರ್ಗ್‌ನ 45 ಎಕರೆಗೆ ಕಾಸನ್ನೂ ಕೊಡಬೇಕಿರಲಿಲ್ಲ, ಒಂದು ಕಾನೂನು ಸಾಕಿತ್ತು.

ನಿಲ್ದಾಣ ಹೇಳುವ ಕಥೆ

ಇನ್ನು ರೈಲು ನಿಲ್ದಾಣದ ವಿಷಯ. ಯುದ್ಧಕ್ಕೆ ಕೆಲವೇ ವರ್ಷ ಮೊದಲು ಕಟ್ಟಿದ ಆ ಎರಡಂತಸ್ತಿನ ಕಟ್ಟಡ ಕದನದ ಮೊದಲ ದಿನವೇ ಆಸ್ಪತ್ರೆಯಾಗಿ ಮಾರ್ಪಟ್ಟಿತು. ಸೈನ್ಯಗಳು ಹೊರಟುಹೋದಾಗ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಉಳಿದ ಗಾಯಾಳುಗಳು ಸುಮಾರು 21 ಸಾವಿರ. ಊರಿನ ಜನಸಂಖ್ಯೆಯ ಎಂಟು ಒಂಬತ್ತು ಪಟ್ಟು! ಚರ್ಚು, ಕೊಟ್ಟಿಗೆ, ಮನೆಯ ಪಡಸಾಲೆ ಎಲ್ಲವೂ ತುಂಬಿದ್ದವು. ದಕ್ಷಿಣದ ಸೈನಿಕರು ರೈಲು ಸೇತುವೆಗಳನ್ನು ಸುಟ್ಟಿದ್ದರು. ಅವುಗಳನ್ನು ದುರಸ್ತಿ ಮಾಡಿದ ಮೇಲೆ ಇದೇ ನಿಲ್ದಾಣದಿಂದ ಸಾವಿರಾರು ಗಾಯಾಳುಗಳು ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಸಾಗಿದರು. ಔಷಧಿ, ಆಹಾರ, ದಾದಿಯರು, ಮಕ್ಕಳ ಹೆಣ ಹುಡುಕಿಕೊಂಡು ಬಂದ ತಂದೆತಾಯಿಯರು ಬಂದಿಳಿದದ್ದೂ ಇಲ್ಲೇ.

ಅದೇ ವರ್ಷ ನವೆಂಬರ್ 18ರ ಸಂಜೆ ಲಿಂಕನ್ ಬಂದಿಳಿದದ್ದೂ ಇದೇ ಕಟ್ಟೆಯ ಮೇಲೆ. ಆ ರಾತ್ರಿ ಊರಿನ ನಡುವಿನ ಚೌಕದಲ್ಲಿದ್ದ ವಕೀಲ ಡೇವಿಡ್ ವಿಲ್ಸ್ ಮನೆಯಲ್ಲಿ ತಂಗಿ ತಮ್ಮ ಭಾಷಣವನ್ನು ತಿದ್ದಿದರು. ಮರುದಿನ ಸೈನಿಕರ ಸಮಾಧಿಭೂಮಿಯ ಸಮರ್ಪಣೆ. ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತನಾಡಿದರು. ಲಿಂಕನ್ ಮಾತನಾಡಿದ್ದು ಎರಡು ಮೂರು ನಿಮಿಷ ಮಾತ್ರ. ಇಂದು ಜಗತ್ತು ನೆನಪಿಟ್ಟಿರುವುದು ಯಾರ ಮಾತನ್ನು ಎಂದು ಹೇಳಬೇಕಾಗಿಲ್ಲ.

ನಿಲ್ದಾಣ, ವಿಲ್ಸ್ ಮನೆ, ಸಮಾಧಿಭೂಮಿ, ಇವು ಒಂದೇ ಪಯಣದ ಮೂರು ಮಜಲುಗಳು. ಸಮಾಧಿಭೂಮಿ ಮೊದಲಿನಿಂದಲೂ ರಕ್ಷಣೆಯಲ್ಲಿತ್ತು. ವಿಲ್ಸ್ ಮನೆಯನ್ನು 2000ರಲ್ಲಿ ಕಾನೂನಿನ ಮೂಲಕ ಉದ್ಯಾನದ ಗಡಿಗೆ ಸೇರಿಸಲಾಯಿತು. ನಿಲ್ದಾಣವೊಂದೇ ಹೊರಗುಳಿಯಿತು. ಅದನ್ನೂ ಪ್ಲಮ್ ರನ್ ಬದಿಯ ಜಮೀನನ್ನೂ ಒಟ್ಟಿಗೆ ಸೇರಿಸುವ ಮಸೂದೆಗೆ ಪ್ರತಿನಿಧಿ ಸಭೆ 2014ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕೊನೆಗೆ ಆ ವರ್ಷದ ಡಿಸೆಂಬರ್‌ನಲ್ಲಿ ರಕ್ಷಣಾ ಇಲಾಖೆಯ ವಾರ್ಷಿಕ ಮಸೂದೆಯೊಳಗೆ ಒಂದು ಭಾಗವಾಗಿ ಸೇರಿ ಅದು ಕಾನೂನಾಯಿತು. ಅಧ್ಯಕ್ಷ ಒಬಾಮ ಅಂಕಿತ ಹಾಕಿದರು. ಫಿರಂಗಿ, ವಿಮಾನಗಳ ಲೆಕ್ಕದ ನಡುವೆ ಹಳೆಯ ನಿಲ್ದಾಣವೊಂದು ಹೀಗೆ ದಡ ಸೇರಿತು.

ಈ ಹೊಸ ಗಡಿಯಲ್ಲಿ ದೊಡ್ಡದೊಂದು ಬದಲಾವಣೆಯೂ ಅಡಗಿದೆ. 1864ರಲ್ಲಿ ರಣಭೂಮಿ ಎಂದರೆ ಗೆದ್ದವರು ನಿಂತ ಜಾಗ. 1895ರಲ್ಲಿ ಇಬ್ಬರೂ ಕಾದಾಡಿದ ಜಾಗ. 1990ರಲ್ಲಿ ಕಾದಾಟವನ್ನು ಅರಿಯಲು ಬೇಕಾದ ಸುತ್ತಣ ನೆಲವೂ ಸೇರಿತು. 2000 ಮತ್ತು 2014ರ ಕಾನೂನುಗಳ ಹೊತ್ತಿಗೆ, ಕಾದಾಟ ಮುಗಿದ ಮೇಲೆ ಜನ ಅನುಭವಿಸಿದ್ದೂ ರಣಭೂಮಿಯ ಕಥೆಯೇ ಎಂಬ ಅರಿವು ಮೂಡಿತ್ತು.

ಕಟ್ಟಡ ಉಳಿದರೆ ಸಾಲದೇ, ಜಾಗವೇಕೆ ಎಂದು ಕೇಳುವವರಿದ್ದಾರೆ. ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಬೆಂಗಳೂರು-ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿತ್ತು. 2017ರಲ್ಲಿ ಅಮೆರಿಕದ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಅದನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಕೆಡವದೆ ಉಳಿಸಿದ್ದು ಮೆಚ್ಚಬೇಕಾದ ಕೆಲಸವೇ. ಆದರೆ ಮದ್ದಿನ ಮನೆಯನ್ನು ಕೋಟೆಯ ಆ ಮೂಲೆಯಲ್ಲೇ ಏಕೆ ಕಟ್ಟಿದ್ದರು ಎಂಬುದಕ್ಕೆ ಉತ್ತರ ಇದ್ದದ್ದು ಹಳೆಯ ಜಾಗದಲ್ಲಿ. ಗೆಟಿಸ್‌ಬರ್ಗ್ ನಿಲ್ದಾಣವನ್ನೂ ಹಳಿಯಿಂದ ಬೇರ್ಪಡಿಸಿದರೆ ಅದು ಒಂದು ಹಳೆಯ ಕಟ್ಟಡವಾಗುತ್ತದೆಯೇ ಹೊರತು ನಿಲ್ದಾಣವಾಗಿ ಉಳಿಯುವುದಿಲ್ಲ.

ಇನ್ನೂ ಹೊರಗಿರುವವು

ಗಡಿ ಹಿಗ್ಗಿದರೂ ಎಲ್ಲವೂ ಒಳಗೆ ಬಂದಿಲ್ಲ. ಎಲ್ಲವನ್ನೂ ಸರ್ಕಾರವೇ ಮಾಡಲೂ ಆಗದು. ದಕ್ಷಿಣದ ಸೇನಾಪತಿ ಲೀ ಬೀಡುಬಿಟ್ಟಿದ್ದ ಕಲ್ಲುಮನೆಯ ಸುತ್ತ ಬಹುಕಾಲ ಮೋಟೆಲ್ ಇತ್ತು. ದೇಣಿಗೆ ಎತ್ತುವ ಖಾಸಗಿ ಸಂಸ್ಥೆಯೊಂದು ಅದನ್ನು ಕೊಂಡು, ಹೊಸ ಕಟ್ಟಡಗಳನ್ನು ಕೆಡವಿ 2016ರಲ್ಲಿ ಮನೆಯನ್ನು ಮೊದಲಿನಂತೆ ಮಾಡಿತು.

ಲೀಯ ಮನೆಗೆ ಕೋಟ್ಯಂತರ ರೂಪಾಯಿಗೆ ಸಮನಾದ ದೇಣಿಗೆ ಕೂಡಿತು. ಎಲ್ಲ ಗುರುತುಗಳಿಗೂ ಆ ಭಾಗ್ಯವಿಲ್ಲ. ಊರಿನ ಪೂರ್ವಕ್ಕೆ, ರೈಲು ಹಳಿಯ ಪಕ್ಕದಲ್ಲಿ, 1863ರ ಜುಲೈನಿಂದ ನವೆಂಬರ್‌ವರೆಗೆ ಕ್ಯಾಂಪ್ ಲೆಟರ್‌ಮನ್ ಎಂಬ ಡೇರೆಗಳ ಆಸ್ಪತ್ರೆ ಇತ್ತು. ಎರಡೂ ಕಡೆಯ ಗಾಯಾಳುಗಳಿಗೆ ಅಲ್ಲಿ ಶುಶ್ರೂಷೆ ನಡೆಯಿತು. ನಿಲ್ದಾಣದ ಕಥೆಗೆ ಇದು ಜೋಡಿ ಕಥೆ. ಆದರೆ ಅದು ಉದ್ಯಾನದ ಗಡಿಯೊಳಗೆ ಬರಲಿಲ್ಲ. ಆ ನೆಲದ ಬಹುಭಾಗದ ಮೇಲೆ ಈಗ ಅಂಗಡಿ, ಹೋಟೆಲುಗಳಿವೆ.

ಕಪ್ಪು ಜನರ ನೆನಪುಗಳ ಪಾಡೂ ಅಷ್ಟೇ. ಲೀಯ ಸೈನ್ಯ ಪೆನ್ಸಿಲ್ವೇನಿಯಾಕ್ಕೆ ಬಂದಾಗ ಸ್ವತಂತ್ರರಾಗಿದ್ದ ಕಪ್ಪು ಜನರನ್ನೂ ಹಿಡಿದು ಗುಲಾಮಗಿರಿಗೆ ದಬ್ಬಿತು. ಗೆಟಿಸ್‌ಬರ್ಗ್‌ನ ಕಪ್ಪು ಕುಟುಂಬಗಳು ಮನೆಮಾರು ಬಿಟ್ಟು ಓಡಿದವು. ಅವರಲ್ಲೊಬ್ಬ ಅಬ್ರಹಾಂ ಬ್ರಯಾನ್. ಅವನ 12 ಎಕರೆ ಹೊಲ ಕೊನೆಯ ದಿನದ ದಾಳಿ ತಲುಪಿದ ದಿಬ್ಬದ ಮೇಲಿತ್ತು. ಅದು ಸೈನ್ಯದ ಸಾಲಿನಲ್ಲಿದ್ದ ಕಾರಣ ಉದ್ಯಾನದೊಳಗೆ ಸೇರಿತು, ಅವನ ಮನೆಯೂ ಉಳಿಯಿತು. ಆದರೆ ಮುಂದೆ ಒಕ್ಕೂಟ ಸೈನ್ಯದಲ್ಲಿ ಹೋರಾಡಿದ ಕಪ್ಪು ಯೋಧರಲ್ಲಿ ಸುಮಾರು 30 ಮಂದಿ ಮಣ್ಣಾಗಿರುವುದು ಲಿಂಕನ್ ಭಾಷಣ ಮಾಡಿದ ರಾಷ್ಟ್ರೀಯ ಸಮಾಧಿಭೂಮಿಯಲ್ಲಲ್ಲ, ಊರೊಳಗಿನ ಪ್ರತ್ಯೇಕ ಸ್ಮಶಾನವೊಂದರಲ್ಲಿ. 1867ರಲ್ಲಿ ಊರಿನ ಕಪ್ಪು ಜನರೇ ಸಂಘ ಕಟ್ಟಿಕೊಂಡು ಆರಂಭಿಸಿದ ಆ ಸ್ಮಶಾನಕ್ಕೆ ಈಗ ಲಿಂಕನ್ ಸಮಾಧಿಭೂಮಿ ಎಂಬ ಹೆಸರು. ಅದು ಉದ್ಯಾನದ ಹೊರಗಿದೆ.

ಗುಲಾಮಗಿರಿಯ ವಿಷಯಕ್ಕೆ ಹುಟ್ಟಿದ ಯುದ್ಧದ ಅತಿ ಪ್ರಸಿದ್ಧ ರಣಭೂಮಿಯಲ್ಲಿ, ಆ ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ಸೈನಿಕರ ಸಮಾಧಿಗಳು ಗಡಿಯ ಆಚೆಗಿವೆ. 1895ರ ನಕ್ಷೆ ಹಿಡಿದವರು ಸೈನ್ಯಗಳು ನಿಂತ ಸಾಲುಗಳನ್ನಷ್ಟೇ ಹುಡುಕಿದ್ದರು, ಆ ಸಮಾಧಿಗಳನ್ನಲ್ಲ. ಆ ಬಳಿಕ ಗಡಿ ಮತ್ತೆ ಮತ್ತೆ ಬದಲಾಗಿದೆ, ಮುಂದೆಯೂ ಬದಲಾಗಬಹುದು. ಪ್ರತಿ ಬಾರಿಯೂ ಅದಕ್ಕೆ ಹಳ್ಳದ ಬದಿಯ ಒಡೆಯರಂಥ ಉದಾರಿಗಳು ಬೇಕು, ಸಂಸತ್ತಿನ ಒಪ್ಪಿಗೆ ಬೇಕು. ಎಲ್ಲಕ್ಕಿಂತ ಮೊದಲು, ಆ ಜಾಗಕ್ಕೂ ಹೇಳಲು ಒಂದು ಕಥೆಯಿದೆ ಎಂದು ಯಾರಾದರೂ ಗುರುತಿಸಬೇಕು.